ಬಡಾವಣೆ ಹಸ್ತಾಂತರ ಅಂದರೇನು? ನಿಮ್ಮ ಬೀದಿಯ ಹೊಣೆ ಯಾರದ್ದು?

ಮೈಸೂರಿನ ರಿಂಗ್ ರಸ್ತೆಯ ಆಸುಪಾಸಿನಲ್ಲಿ ಮನೆ ಕಟ್ಟಿಕೊಂಡವರ ಬಾಯಲ್ಲಿ ಒಂದು ಮಾತು ಪದೇ ಪದೇ ಕೇಳುತ್ತದೆ: "ನಮ್ಮ ಲೇಔಟ್ ಇನ್ನೂ ಹಸ್ತಾಂತರ ಆಗಿಲ್ಲ." ನಲ್ಲಿಯಲ್ಲಿ ನೀರು ಬರದಿದ್ದರೆ ಇದೇ ಕಾರಣ. ಬೀದಿ ದೀಪ ಕೆಟ್ಟು ತಿಂಗಳಾದರೂ ಇದೇ ಕಾರಣ. ಕಸದ ಗಾಡಿ ಪಕ್ಕದ ಬೀದಿವರೆಗೆ ಬಂದು ವಾಪಸ್ ಹೋದರೂ ಇದೇ ಕಾರಣ. ಸೈಟು ಕೊಳ್ಳುವಾಗ ಮಾತ್ರ ಈ ವಿಷಯವನ್ನು ಯಾರೂ ಎತ್ತುವುದಿಲ್ಲ.

ಬಡಾವಣೆ ಮಾಡಿದವರು ಅಲ್ಲಿನ ರಸ್ತೆ, ಚರಂಡಿ, ನೀರಿನ ಪೈಪು, ಒಳಚರಂಡಿ, ಬೀದಿ ದೀಪ, ಪಾರ್ಕು ಇವನ್ನೆಲ್ಲ ಆ ಪ್ರದೇಶದ ಸ್ಥಳೀಯ ಸಂಸ್ಥೆಗೆ ಒಪ್ಪಿಸುವುದೇ ಹಸ್ತಾಂತರ. ನಿಮ್ಮ ಸೈಟು ನಿಮ್ಮದೇ, ಅದು ಯಾರ ಕೈಗೂ ಹೋಗುವುದಿಲ್ಲ. ಕೈ ಬದಲಾಗುವುದು ಗೇಟಿನ ಹೊರಗಿರುವ ಸಾರ್ವಜನಿಕ ಆಸ್ತಿ, ಮತ್ತು ಅದನ್ನು ದಿನಾ ನೋಡಿಕೊಳ್ಳುವ ಹೊಣೆ.

ಈ ಏರ್ಪಾಡು ಯಾಕೆ ಬೇಕಾಯಿತು? ನಮ್ಮಲ್ಲಿ ಬಡಾವಣೆ ಮಾಡುವವರೇ ಬೇರೆ, ಊರು ನಡೆಸುವವರೇ ಬೇರೆ. ಮೈಸೂರಿನಲ್ಲಿ ಇದು ಹಳೆಯ ರೂಢಿ. 1890ರ ದಶಕದ ಕೊನೆಯಲ್ಲಿ ಪ್ಲೇಗು ಬಂದಾಗ, ಇಕ್ಕಟ್ಟಿನ ಹಳೇ ಕೇರಿಗಳ ಜನರಿಗೆ ಗಾಳಿ ಬೆಳಕು ಇರುವ ಹೊಸ ಬಡಾವಣೆಗಳು ಬೇಕು ಎನ್ನುವುದು ಎಲ್ಲರಿಗೂ ಅರ್ಥವಾಯಿತು. 1903ರಲ್ಲಿ ಆ ಕೆಲಸಕ್ಕೆಂದೇ ನಗರಾಭಿವೃದ್ಧಿ ವಿಶ್ವಸ್ತ ಮಂಡಳಿ ಹುಟ್ಟಿತು. ಹಳಬರು ಅದನ್ನು ಈಗಲೂ ಸಿಐಟಿಬಿ ಎಂದೇ ಕರೆಯುತ್ತಾರೆ. ಕರ್ನಾಟಕ ನಗರಾಭಿವೃದ್ಧಿ ಪ್ರಾಧಿಕಾರಗಳ 1987ರ ಕಾಯ್ದೆ ಬಂದ ಮೇಲೆ ಅದರ ಜಾಗದಲ್ಲಿ ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರ, ಅಂದರೆ ಮುಡಾ ಬಂತು. ಈಗ ಅದಕ್ಕೆ ಮೈಸೂರು ಅಭಿವೃದ್ಧಿ ಪ್ರಾಧಿಕಾರ ಎಂದು ಹೆಸರು. ಜನರ ಬಾಯಲ್ಲಿ ಮಾತ್ರ ಇನ್ನೂ ಮುಡಾನೇ. (ಮಂಡ್ಯದ ಪ್ರಾಧಿಕಾರವನ್ನೂ ಅಲ್ಲಿನವರು ಮುಡಾ ಎಂದೇ ಕರೆಯುತ್ತಾರೆ. ಕಾಗದ ಪತ್ರ ನೋಡುವಾಗ ಎರಡೂ ಊರಿನ ನಂಟು ಇರುವವರು ಇದನ್ನು ಗಮನಿಸಬೇಕು.)

ಪ್ರಾಧಿಕಾರದ ಕೆಲಸ ಎರಡು ಬಗೆಯದು. ತಾನೇ ಜಮೀನು ಸ್ವಾಧೀನ ಮಾಡಿ ಬಡಾವಣೆ ಕಟ್ಟುವುದು ಒಂದು. ವಿಜಯನಗರದ ಹಂತಗಳು ಹುಟ್ಟಿದ್ದು ಹೀಗೆ. ಖಾಸಗಿಯವರು, ಗೃಹ ನಿರ್ಮಾಣ ಸಹಕಾರ ಸಂಘದವರು ಮಾಡುವ ಬಡಾವಣೆಯ ನಕ್ಷೆಗೆ ಒಪ್ಪಿಗೆ ಕೊಡುವುದು ಇನ್ನೊಂದು. ಬ್ಯಾಂಕ್ ನೌಕರರು, ರೈಲ್ವೆಯವರು, ಮೇಷ್ಟ್ರುಗಳು ಸಂಘ ಕಟ್ಟಿಕೊಂಡು ಸೈಟು ಮಾಡಿಕೊಂಡ ಊರು ನಮ್ಮದು, ಹಾಗಾಗಿ ಈ ಎರಡನೇ ಬಗೆಯ ಬಡಾವಣೆಗಳು ಇಲ್ಲಿ ಬಹಳ. ಎರಡರಲ್ಲೂ ಪ್ರಾಧಿಕಾರ ಕೊನೆಯವರೆಗೆ ಉಳಿಯುವ ಸಂಸ್ಥೆಯಲ್ಲ. ಅದಕ್ಕೆ ಕಸ ಗುಡಿಸುವ ಪೌರಕಾರ್ಮಿಕರ ಪಡೆ ಇಲ್ಲ, ವಾರ್ಡುಗಳಿಲ್ಲ, ಅದಕ್ಕೆಂದೇ ನೀವು ಓಟು ಹಾಕಿ ಆರಿಸಿದ ಸದಸ್ಯರೂ ಇಲ್ಲ. ಕಟ್ಟಿ ಒಪ್ಪಿಸಿ ಮುಂದಿನ ಬಡಾವಣೆಗೆ ಹೋಗಬೇಕಾದ ಸಂಸ್ಥೆ ಅದು.

ಒಪ್ಪಿಸುವುದು ಯಾರಿಗೆ? ಇಲ್ಲಿಯೇ ಹೆಚ್ಚಿನವರು ತಡವರಿಸುತ್ತಾರೆ. ಆಧಾರ್ ಕಾರ್ಡಿನಲ್ಲಿ ಮೈಸೂರು ಎಂದಿದೆ, ಸಿಟಿ ಬಸ್ಸು ಮನೆ ಮುಂದೆ ನಿಲ್ಲುತ್ತದೆ, ಅಂದಮೇಲೆ ನಾವು ಪಾಲಿಕೆಗೆ ಸೇರಿದವರೇ ಅಲ್ವಾ ಎಂದುಕೊಳ್ಳುತ್ತೇವೆ. ಹಾಗೇನಿಲ್ಲ. ಮಹಾನಗರ ಪಾಲಿಕೆಗೆ 65 ವಾರ್ಡುಗಳ ಗಡಿ ಇದೆ. ಅದರಾಚೆಗೆ ನಗರಸಭೆ, ಪಟ್ಟಣ ಪಂಚಾಯಿತಿ, ಗ್ರಾಮ ಪಂಚಾಯಿತಿಗಳಿವೆ. ಮುಖ್ಯವಾಗಿ ಜನಸಂಖ್ಯೆ ನೋಡಿಯೇ ಈ ಹೆಸರು ಕೊಡುತ್ತಾರೆ. 10 ಸಾವಿರದಿಂದ 20 ಸಾವಿರವಾದರೆ ಪಟ್ಟಣ ಪಂಚಾಯಿತಿ, 50 ಸಾವಿರದವರೆಗೆ ಪುರಸಭೆ, 3 ಲಕ್ಷದವರೆಗೆ ನಗರಸಭೆ, ಅದಕ್ಕೂ ಮೇಲಾದರೆ ಪಾಲಿಕೆ. ಜೊತೆಗೆ ಜನ ಎಷ್ಟು ಒತ್ತಾಗಿ ವಾಸಿಸುತ್ತಾರೆ, ಬೇಸಾಯ ಬಿಟ್ಟು ಬೇರೆ ಕೆಲಸ ಮಾಡುವವರು ಎಷ್ಟು ಮಂದಿ ಎಂಬ ಲೆಕ್ಕವೂ ಇದೆ.

ಮೈಸೂರಿನ ಅಂಚಿನಲ್ಲಿ ದೊಡ್ಡ ಬದಲಾವಣೆ ಆದದ್ದು 2020–21ರ ಸುಮಾರಿಗೆ. ಹೂಟಗಳ್ಳಿ, ಹಿನಕಲ್, ಕೂರ್ಗಳ್ಳಿ, ಬೆಳವಾಡಿ ಕಡೆಯ ಗ್ರಾಮ ಪಂಚಾಯಿತಿಗಳು ಸೇರಿ ಹೂಟಗಳ್ಳಿ ನಗರಸಭೆ ಆಯಿತು. ಬೋಗಾದಿ, ಶ್ರೀರಾಂಪುರ, ರಮ್ಮನಹಳ್ಳಿ, ಕಡಕೊಳ ಪಟ್ಟಣ ಪಂಚಾಯಿತಿಗಳಾದವು. ಹಿಂದಿನ ದಿನದವರೆಗೆ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಬಳಿ ಹೋಗುತ್ತಿದ್ದವರು ಪೌರಾಯುಕ್ತರನ್ನೋ ಮುಖ್ಯಾಧಿಕಾರಿಯನ್ನೋ ಹುಡುಕಬೇಕಾಯಿತು. ಉದ್ಯೋಗ ಖಾತರಿ ಕೂಲಿ ಹಳ್ಳಿಗಳಿಗೆ ಮಾತ್ರ ಇರುವ ಸೌಲಭ್ಯ. ಹಾಗಾಗಿ ಈ ಊರುಗಳ ಬಡವರ ಕೈಯಿಂದ ಅದು ಜಾರಿತು. ಬಡಾವಣೆಯವರ ಗದ್ದಲದ ನಡುವೆ ಈ ನಷ್ಟದ ಬಗ್ಗೆ ಮಾತಾಡಿದವರು ಕಡಿಮೆ.

ಇನ್ನು ಹಸ್ತಾಂತರ ನಡೆಯುವ ರೀತಿ. ಜಮೀನು ಭೂಪರಿವರ್ತನೆ ಆಗುತ್ತದೆ. ಪ್ರಾಧಿಕಾರ ನಕ್ಷೆ ಮಂಜೂರು ಮಾಡುತ್ತದೆ. ನಕ್ಷೆಯಲ್ಲಿ ರಸ್ತೆ, ಪಾರ್ಕು, ಸಿಎ ಸೈಟು (ನಾಗರಿಕ ಸೌಲಭ್ಯಗಳಿಗೆ ಮೀಸಲಿಟ್ಟ ನಿವೇಶನ) ಎಂದು ತೋರಿಸಿದ ಜಾಗವನ್ನು ಮಾಲೀಕರು ಹಣ ಪಡೆಯದೆ ಪ್ರಾಧಿಕಾರಕ್ಕೆ ಬರೆದುಕೊಡುತ್ತಾರೆ. ಆಮೇಲೆ ರಸ್ತೆ, ಚರಂಡಿ, ಯುಜಿಡಿ (ಒಳಚರಂಡಿ), ನೀರಿನ ಟ್ಯಾಂಕು, ಕರೆಂಟು ಕೆಲಸ. ಕೆಲಸ ಮುಗಿಯುತ್ತಾ ಬಂದ ಹಾಗೆ ಸೈಟುಗಳನ್ನು ಹಂತ ಹಂತವಾಗಿ ಬಿಡುಗಡೆ ಮಾಡುತ್ತಾರೆ. ಎಲ್ಲ ಮುಗಿದ ಮೇಲೆ ಪ್ರಾಧಿಕಾರ ಮತ್ತು ಸ್ಥಳೀಯ ಸಂಸ್ಥೆ ಎರಡೂ ಕಡೆಯ ಎಂಜಿನಿಯರುಗಳು ಬಂದು ಜಂಟಿ ಪರಿಶೀಲನೆ ಮಾಡಿ, ಕೊರತೆ ಇದ್ದರೆ ಸರಿಪಡಿಸಿ, ಸ್ಥಳೀಯ ಸಂಸ್ಥೆಗೆ ಪತ್ರದ ಮೂಲಕ ಒಪ್ಪಿಸಬೇಕು.

ಈಗ ಒಂದು ಸಂಗತಿ ನೋಡಿ. ರಸ್ತೆಯ ಒಡೆತನ ಆರಂಭದಲ್ಲೇ ಕೈ ಬದಲಾಯಿತು. ನೋಡಿಕೊಳ್ಳುವ ಹೊಣೆ ಕೈ ಬದಲಾಗುವುದು ಕೊನೆಯಲ್ಲಿ. ನಡುವೆ ಎಷ್ಟು ವರ್ಷವಾದರೂ ಹಿಡಿಯಬಹುದು. ಆ ಅವಧಿಯಲ್ಲಿ ಸೈಟೆಲ್ಲ ಮಾರಾಟವಾಗಿ ಡೆವಲಪರ್ ಕಚೇರಿ ಬಾಗಿಲು ಹಾಕಿರುತ್ತಾನೆ, ಅಥವಾ ಸಂಘದ ಪದಾಧಿಕಾರಿಗಳು ಬದಲಾಗಿರುತ್ತಾರೆ. ಪ್ರಾಧಿಕಾರಕ್ಕೆ ಹೋದರೆ "ಪಂಚಾಯಿತಿಗೆ ಹೋಗಿ ಕೇಳಿ ಸಾರ್" ಎನ್ನುತ್ತಾರೆ. ಪಂಚಾಯಿತಿಗೆ ಹೋದರೆ "ನಮಗೆ ಇನ್ನೂ ಕೊಟ್ಟಿಲ್ಲ ಮೇಡಂ" ಎನ್ನುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಇಬ್ಬರ ಮಾತೂ ನಿಜವಾಗಿರುವುದರಿಂದಲೇ ನಿವಾಸಿಗಳಿಗೆ ಇಷ್ಟು ಸಂಕಟ.

ಸ್ಥಳೀಯ ಸಂಸ್ಥೆ ಯಾಕೆ ಒಪ್ಪಿಕೊಳ್ಳುವುದಿಲ್ಲ ಎಂದು ಕೋಪ ಬರುವುದು ಸಹಜ. ಆದರೆ ಅವರ ಜಾಗದಲ್ಲಿ ನಿಂತು ನೋಡಿ. ಯುಜಿಡಿ ಪೈಪು ಬಡಾವಣೆಯ ಗಡಿವರೆಗೆ ಬಂದು ಅಲ್ಲೇ ನಿಂತಿರುತ್ತದೆ, ನಗರದ ಮುಖ್ಯ ಕೊಳವೆಗೆ ಸೇರಿರುವುದಿಲ್ಲ. ಓವರ್‌ಹೆಡ್ ಟ್ಯಾಂಕು ಇರುತ್ತದೆ, ಅದಕ್ಕೆ ನೀರು ಎಲ್ಲಿಂದ ಎನ್ನುವುದಕ್ಕೆ ಉತ್ತರ ಇರುವುದಿಲ್ಲ. ಡಾಂಬರು ಎದ್ದಿರುತ್ತದೆ, ಪಾರ್ಕಿಗೆ ಬೇಲಿ ಇರುವುದಿಲ್ಲ. ಖಾಲಿ ಸೈಟುಗಳೇ ಜಾಸ್ತಿ ಇರುವ ಬಡಾವಣೆಯಿಂದ ಬರುವ ಕಂದಾಯವೂ ಕಡಿಮೆ. ಬೀದಿ ದೀಪದ ಕರೆಂಟು ಬಿಲ್ ಮಾತ್ರ ಒಪ್ಪಿಕೊಂಡ ತಿಂಗಳಿಂದಲೇ ಸಂಸ್ಥೆಯ ಲೆಕ್ಕಕ್ಕೆ ಬರುತ್ತದೆ. ಕೈಬೆರಳೆಣಿಕೆಯ ಸಿಬ್ಬಂದಿ ಇರುವ ಪಟ್ಟಣ ಪಂಚಾಯಿತಿಗೆ ಇಂಥ ಹತ್ತಾರು ಬಡಾವಣೆ ಒಟ್ಟಿಗೆ ಬಂದರೆ ಭಾರವೇ. ಹಾಗಾಗಿ ಅರ್ಧ ಮುಗಿದ ಕೆಲಸವನ್ನು ಹಾಗೇ ಒಪ್ಪಿಕೊಳ್ಳಲಿ ಎಂದು ನಾನು ಹೇಳುವುದಿಲ್ಲ. ಮುಗಿಯುವ ಮುಂಚೆ ಸೈಟು ಬಿಡುಗಡೆ ಮಾಡಿದ್ದೇ ಮೊದಲ ತಪ್ಪು. ಮೋರಿ, ಪೈಪು, ತಂತಿ ಎಲ್ಲ ಸರಿ ಇವೆಯೇ ಎಂದು ನೋಡುವ ಅಧಿಕಾರ ಪ್ರಾಧಿಕಾರದ ಕೈಲಿ ಗಟ್ಟಿಯಾಗಿ ಇರುವುದು ಕೊನೆಯ ಕಂತಿನ ಸೈಟು ಬಿಡುಗಡೆ ಆಗುವವರೆಗೆ ಮಾತ್ರ.

ನೀರಿನ ವಿಷಯದಲ್ಲಿ ಈ ಗಂಟು ಇನ್ನೂ ಬಿಗಿ. ಮೈಸೂರಿಗೆ ಕುಡಿಯುವ ನೀರು ಬರುವುದು ಹೊಂಗಳ್ಳಿ, ಬೆಳಗೊಳ, ಮೇಳಾಪುರದ ಕಡೆಯಿಂದ ಕಾವೇರಿ, ಬಿದರಗೂಡಿನಿಂದ ಕಬಿನಿ. ಅದನ್ನು ಹಂಚುವುದು ಪಾಲಿಕೆಗೆ ಸೇರಿದ ವಾಣಿವಿಲಾಸ ವಾಟರ್ ವರ್ಕ್ಸ್. ಪಾಲಿಕೆಯ ಗಡಿಯಾಚೆ ಇರುವವರಿಗೆ ಆ ನೀರು ಬೇಕೆಂದರೆ ಎರಡು ಸಂಸ್ಥೆಗಳ ನಡುವೆ ಒಪ್ಪಂದವಾಗಬೇಕು, ದೊಡ್ಡ ಪೈಪು ಬರಬೇಕು, ಬಿಲ್ ಕಟ್ಟುವವರು ಯಾರು ಎಂದು ತೀರ್ಮಾನವಾಗಬೇಕು. ಹಸ್ತಾಂತರವೇ ಆಗದ ಬಡಾವಣೆಯ ಪರವಾಗಿ ಈ ಮಾತುಕತೆ ನಡೆಸುವವರು ಯಾರೂ ಇರುವುದಿಲ್ಲ. ಅಲ್ಲಿಯವರೆಗೆ ಬೋರ್‌ವೆಲ್ಲು, ಅದು ಬತ್ತಿದರೆ ಟ್ಯಾಂಕರು. ಬೋರಿನ ಮೋಟರು ಸುಟ್ಟಾಗ ಮನೆಗೆ ಇಷ್ಟೆಂದು ಹಣ ಎತ್ತುವ ಕೆಲಸ ನಿವಾಸಿಗಳ ಸಂಘದ ನಿವೃತ್ತರ ತಲೆಗೆ ಬರುತ್ತದೆ. ಅವರ ಸಹನೆ ದೊಡ್ಡದು. ಎಷ್ಟೋ ಬಡಾವಣೆಗಳು ಇವತ್ತು ನಡೆಯುತ್ತಿರುವುದೇ ಅವರಿಂದ.

ಕೊಳಚೆ ನೀರಿನದು ಇನ್ನೊಂದು ನೋವು. ನಗರದ ಕೊಳಚೆ ಶುದ್ಧ ಮಾಡಲು ವಿದ್ಯಾರಣ್ಯಪುರಂ, ಕೆಸರೆ, ರಾಯನಕೆರೆಯಲ್ಲಿ ಘಟಕಗಳಿವೆ. ಅಲ್ಲಿಗೆ ಸೇರದ ಪೈಪಿನ ನೀರು ಇಳಿಜಾರು ಹುಡುಕಿಕೊಂಡು ರಾಜಕಾಲುವೆಗೆ, ಅಲ್ಲಿಂದ ಕೆರೆಗೆ ಹೋಗುತ್ತದೆ. ದಳವಾಯಿ ಕೆರೆಗೆ ಆದ ಗತಿಯನ್ನು ಮೈಸೂರಿನವರು ಕಣ್ಣಾರೆ ಕಂಡಿದ್ದಾರೆ. ಹಸ್ತಾಂತರ ಎಂದರೆ ಬರೀ ಸೈಟು ಇರುವವರ ತಾಪತ್ರಯ ಎಂದುಕೊಳ್ಳಬಾರದು. ಕೆಳಗಿನ ಊರಿನ ರೈತನ ಗದ್ದೆಗೂ ಅದರ ಫಲ ಮುಟ್ಟುತ್ತದೆ.

ಕಂದಾಯದ ಬಗ್ಗೆಯೂ ಒಂದು ಗೊಂದಲ ಇದೆ. ಹಸ್ತಾಂತರವಾಗದ ಬಡಾವಣೆಗಳ ಖಾತೆ, ಕಂದಾಯ ಬಹಳ ಕಾಲ ಜೆಎಲ್‌ಬಿ ರಸ್ತೆಯ ಮುಡಾ ಕಚೇರಿಯಲ್ಲೇ ನಡೆಯುತ್ತಿತ್ತು. ಜನ ಅಲ್ಲಿ ಕಂದಾಯ ಕಟ್ಟಿ, ಕಸದ ದೂರಿಗೆ ಪಂಚಾಯಿತಿಗೆ ಹೋಗುತ್ತಿದ್ದರು. ದುಡ್ಡು ಒಂದು ಕಡೆ, ಕೆಲಸ ಇನ್ನೊಂದು ಕಡೆ. ಹಸ್ತಾಂತರವಾದ ಮೇಲೆ ಎರಡೂ ಒಂದೇ ಕಚೇರಿಗೆ ಬರುತ್ತವೆ. ನಗರ ಸಂಸ್ಥೆಯಾದರೆ ಇ-ಆಸ್ತಿ ತಂತ್ರಾಂಶದಲ್ಲಿ ಇ-ಖಾತೆ, ಗ್ರಾಮ ಪಂಚಾಯಿತಿಯಾದರೆ ಇ-ಸ್ವತ್ತಿನಲ್ಲಿ ನಮೂನೆ 9 ಮತ್ತು 11. ನಗರ ಸಂಸ್ಥೆಗಳಲ್ಲಿ ಏಪ್ರಿಲ್‌ನಲ್ಲೇ ಕಟ್ಟಿದರೆ ಶೇ. 5 ರಿಯಾಯಿತಿಯೂ ಇದೆ.

ಕಂದಾಯ ಭೂಮಿಯಲ್ಲಿ ಮಂಜೂರಾತಿ ಇಲ್ಲದೆ ಎದ್ದ ಬಡಾವಣೆಗಳ ಕಥೆ ಬೇರೆ. ಅಲ್ಲಿ ನಕ್ಷೆಯೇ ಇಲ್ಲ, ಹಾಗಾಗಿ ಹಸ್ತಾಂತರದ ಪ್ರಶ್ನೆಯೂ ಏಳುವುದಿಲ್ಲ. 2025ರಲ್ಲಿ ಸರ್ಕಾರ ಅಭಿಯಾನ ನಡೆಸಿ ಕೊಟ್ಟ ಬಿ-ಖಾತೆ ಅಂಥವರಿಗಾಗಿ. ಬಿ-ಖಾತೆ ಬಂದ ಮಾತ್ರಕ್ಕೆ ಬಡಾವಣೆ ಸಕ್ರಮವಾಯಿತು, ಹಸ್ತಾಂತರವಾಯಿತು ಎಂದು ತಿಳಿಯಬೇಡಿ.

ಈ ಸಂಸ್ಥೆಗಳನ್ನೆಲ್ಲ ಸೇರಿಸಿ ಬೃಹತ್ ಮೈಸೂರು ಪಾಲಿಕೆ ಮಾಡುವ ಪ್ರಯತ್ನವೂ ನಡೆದಿದೆ. ಆಗ ಗಡಿಯ ಜಗಳ ಕಡಿಮೆಯಾಗಬಹುದು, ನೀರಿನ ವಿಷಯದಲ್ಲಂತೂ ಅನುಕೂಲವೇ. ಆದರೆ ಸೇರದ ಪೈಪು ಆದೇಶದಿಂದ ಸೇರಿಕೊಳ್ಳುವುದಿಲ್ಲ. ಇನ್ನೊಂದು ಚಿಂತೆ ನನಗೆ ಇದಕ್ಕಿಂತ ದೊಡ್ಡದು. ಹೂಟಗಳ್ಳಿ ನಗರಸಭೆಯಲ್ಲಿ, ಹೊಸ ಪಟ್ಟಣ ಪಂಚಾಯಿತಿಗಳಲ್ಲಿ ರಚನೆಯಾದ ಮೇಲೆ ವರ್ಷಗಟ್ಟಲೆ ಚುನಾವಣೆ ಆಗಲಿಲ್ಲ, ಆಡಳಿತಾಧಿಕಾರಿಗಳೇ ನಡೆಸಿದರು. ಗ್ರಾಮ ಪಂಚಾಯಿತಿ ಇದ್ದಾಗ ಸುಮಾರು 400 ಜನಕ್ಕೆ ಒಬ್ಬ ಸದಸ್ಯ ಇರುತ್ತಿದ್ದ, ಬೀದಿಯಲ್ಲಿ ಸಿಗುತ್ತಿದ್ದ, ಗ್ರಾಮಸಭೆಯಲ್ಲಿ ನಿಲ್ಲಿಸಿ ಕೇಳಬಹುದಿತ್ತು. ಹೆಸರಿನಲ್ಲಿ ಊರು ದೊಡ್ಡದಾಯಿತು. ಕೇಳಲು ಹತ್ತಿರದಲ್ಲಿದ್ದ ಬಾಗಿಲು ಮುಚ್ಚಿತು.

ಸೈಟು ಅಥವಾ ಮನೆ ಕೊಳ್ಳುವವರು ಮಾರುವವರ ಬಳಿ "ಮುಡಾ ಅಪ್ರೂವ್ಡ್" ಎಂಬ ಮಾತಿಗೆ ತೃಪ್ತರಾಗಬೇಡಿ. ಅದು ನಕ್ಷೆಗೆ ಸಿಕ್ಕ ಒಪ್ಪಿಗೆ ಮಾತ್ರ. ಹಸ್ತಾಂತರ ಪತ್ರದ ಪ್ರತಿ ಕೇಳಿ. ಅದರಲ್ಲಿ ಸರ್ವೆ ನಂಬರುಗಳು, ಯಾವ ಯಾವ ಆಸ್ತಿ ಒಪ್ಪಿಸಿದ್ದಾರೆ, ಪಾರ್ಕು ಮತ್ತು ಸಿಎ ಸೈಟುಗಳ ಅಳತೆ ಇರಬೇಕು. ರಸ್ತೆ, ದೀಪ ಮಾತ್ರ ಕೊಟ್ಟು ಯುಜಿಡಿ ಬಿಟ್ಟಿದ್ದಾರೆಯೇ ಎಂದು ನೋಡಿ. ಪಾರ್ಕಿನ ಜಾಗ ಒತ್ತುವರಿ ಆಗಿದ್ದರೆ 1985ರ ಉದ್ಯಾನಗಳ ಕಾಯ್ದೆ ನಿಮ್ಮ ಬೆನ್ನಿಗಿದೆ, ಆದರೆ ಅಳತೆ ಬರೆದ ಕಾಗದ ನಿಮ್ಮ ಕೈಲಿರಬೇಕು.

ಪತ್ರ ಸಿಗದಿದ್ದರೆ 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಡಿ ಕೇಳಿ, 30 ದಿನದಲ್ಲಿ ಉತ್ತರ ಕೊಡಬೇಕು. ಕರ್ನಾಟಕದ ನಿಯಮದ ಪ್ರಕಾರ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದಗಳ ಒಳಗೆ. ಪ್ರಾಧಿಕಾರಕ್ಕೆ ಒಂದು, ಸ್ಥಳೀಯ ಸಂಸ್ಥೆಗೆ ಒಂದು, ಹೀಗೆ ಎರಡು ಅರ್ಜಿ ಹಾಕಿ. ಪ್ರಾಧಿಕಾರ ಕೊಟ್ಟೆ ಎಂದು ಬರೆದ ತಾರೀಖೂ ಸ್ಥಳೀಯ ಸಂಸ್ಥೆ ಪಡೆದೆ ಎಂದು ಬರೆದ ತಾರೀಖೂ ತಾಳೆಯಾದರೆ ಮಾತ್ರ ನಿಮ್ಮ ಬಡಾವಣೆ ಹಸ್ತಾಂತರವಾಗಿದೆ ಎಂದು ನಂಬಿ.