ಫೋನ್ ಎತ್ತಿದ್ದಕ್ಕೂ ಶೌರ್ಯ ಪದಕವಾ?

ಪ್ರಶ್ನೆ: ಎರಡನೇ ಮಹಾಯುದ್ಧದಲ್ಲಿ ಸೋವಿಯತ್ ಸೇನೆಯ ಟೆಲಿಫೋನ್ ಆಪರೇಟರ್‌ಗಳಿಗೂ ಶೌರ್ಯ ಪದಕ ಕೊಟ್ಟಿದ್ದಾರೆ. ಫೋನ್‌ನಲ್ಲಿ ಮಾತಾಡೋದಕ್ಕೆ ಶೌರ್ಯ ಯಾಕೆ ಬೇಕು?

ಮಾತಾಡೋದಕ್ಕೆ ಬೇಡ, ತಂತಿಗೆ ಬೇಕು. ಆಗ ಫೋನ್ ಲೈನ್ ಅಂದರೆ ನೆಲದ ಮೇಲೆ ಸುಮ್ನೆ ಎಳೆದು ಬಿಟ್ಟ ತಂತಿ. ಒಂದು ಶೆಲ್ ಬಿದ್ದರೆ ತುಂಡು. ಮುಂದೆ ಕೂತ ವೀಕ್ಷಕ ಗುರಿ ಹೇಳಲಾರ, ಹಿಂದಿನ ಫಿರಂಗಿಗಳಿಗೆ ಎಲ್ಲಿ ಹೊಡೆಯಬೇಕೆಂದೇ ಗೊತ್ತಾಗುವುದಿಲ್ಲ. ಆಗ ಒಬ್ಬರು ಹೊರಗೆ ಹೋಗಲೇಬೇಕು. ತಂತಿಯನ್ನು ಕೈಯಲ್ಲಿ ಜಾರಿಸಿಕೊಂಡು ತೆವಳಬೇಕು, ತುದಿ ಸಿಕ್ಕಿದ ಮೇಲೆ ಇನ್ನೊಂದು ತುದಿ ಹುಡುಕಬೇಕು, ಸ್ಫೋಟಕ್ಕೆ ಅದು ಎಲ್ಲೋ ಹಾರಿರುತ್ತದೆ. ಮೇಲಿನ ಹೊದಿಕೆ ಸುಲಿದು, ಎರಡನ್ನೂ ತಿರುಚಿ, ಮಾತು ಕೇಳುತ್ತಾ ಅಂತ ನೋಡಿ ವಾಪಸ್. ಅಷ್ಟರಲ್ಲಿ ಇನ್ನೊಂದು ಕಡೆ ತುಂಡಾಗಿರುತ್ತದೆ, ಮತ್ತೆ ಹೊರಡಬೇಕು. ಪ್ರಶಸ್ತಿ ಶಿಫಾರಸುಗಳಲ್ಲಿ ಮತ್ತೆ ಮತ್ತೆ ಬರುವ ಮಾತೂ ಇದೇ: ಶೆಲ್ ದಾಳಿಯ ನಡುವೆ ಇಷ್ಟು ಕಡೆ ಲೈನ್ ಸರಿಮಾಡಿದರು.

1942ರ ಅಕ್ಟೋಬರ್‌ನಲ್ಲಿ ಸ್ಟಾಲಿನ್‌ಗ್ರಾಡ್‌ನಲ್ಲಿ ಮತ್ವೇಯ್ ಪುತಿಲೋವ್ ಎಂಬ ಸಂಪರ್ಕ ಪಡೆಯ ಸೈನಿಕ ಹೀಗೇ ಹೋದವನು. ಗಾಯದಿಂದ ಕೈಗಳು ಕೆಲಸ ಮಾಡಲಿಲ್ಲ, ತಂತಿಯ ತುದಿಗಳನ್ನು ಹಲ್ಲಲ್ಲೇ ಕಚ್ಚಿ ಹಿಡಿದು ಸತ್ತ. ಲೈನ್ ಮಾತ್ರ ಜೀವ ಪಡೆಯಿತು.

ಸಾಮಾನ್ಯವಾಗಿ ಇಂಥವರಿಗೆ ಸಿಗುತ್ತಿದ್ದದ್ದು 'ಜಾ ಅತ್ವಾಗು', ಅಂದರೆ ಧೈರ್ಯಕ್ಕಾಗಿ ಕೊಡುವ ಪದಕ. 1938ರಲ್ಲಿ ಶುರುವಾದದ್ದು, ಬೆಳ್ಳಿಯದು, ಮೇಲೆ ಮೂರು ವಿಮಾನ, ಕೆಳಗೆ ಒಂದು ಟ್ಯಾಂಕ್. ಯಾವ ನಾಯಕನ ಮುಖವೂ ಇಲ್ಲ. 1942ರ ನವೆಂಬರ್‌ನಿಂದ ರೆಜಿಮೆಂಟ್ ಕಮಾಂಡರ್‌ಗಳೇ ಕೊಡಬಹುದಿತ್ತು, ಹಾಗಾಗಿ ಕೆಲಸ ಕಣ್ಣಾರೆ ಕಂಡವರ ಕೈಯಿಂದಲೇ ಬರುತ್ತಿತ್ತು. ತಿಂಗಳಿಗೆ 10 ರೂಬಲ್ ಭತ್ಯೆ ಕೂಡ ಇತ್ತು, 1948ಕ್ಕೆ ಅದನ್ನು ನಿಲ್ಲಿಸಿದರು.

ಅದರ ಜೊತೆಗೇ ಶುರುವಾದ, ಒಂದು ಮೆಟ್ಟಿಲು ಕೆಳಗಿನ ಪದಕ 'ಯುದ್ಧ ಸೇವೆಗಾಗಿ'. 1942ರಿಂದ ಹೆಂಗಸರನ್ನು ಸಂಪರ್ಕ ಪಡೆಗೆ ಸಾವಿರಾರು ಸಂಖ್ಯೆಯಲ್ಲಿ ಸೇರಿಸಿಕೊಂಡರು, ಅವರ ಎದೆಯ ಮೇಲೆ ಈ ಪದಕ ಕಂಡರೆ ಕೆಲವರು ಹೊಲಸು ಜೋಕ್ ಮಾಡುತ್ತಿದ್ದರು, ಅಧಿಕಾರಿಗೆ ಮಾಡಿದ 'ಸೇವೆ'ಗೆ ಸಿಕ್ಕಿದ್ದು ಅಂತ. ಶುದ್ಧ ಅವಮಾನ. ಯುದ್ಧ ಮುಗಿದ ಮೇಲೆ ಎಷ್ಟೋ ಹೆಂಗಸರು ಪದಕ ಹಾಕಿಕೊಳ್ಳುವುದನ್ನೇ ಬಿಟ್ಟರು.

ಹಳೇ ಫೋಟೋ ನೋಡುವಾಗ ಒಂದು ಗಮನಿಸಿ: ಸ್ಟಾಲಿನ್ ಮುಖ ಇರುವ 'ಜರ್ಮನಿ ಮೇಲಿನ ವಿಜಯ' ಪದಕ ಸುಮಾರು ಒಂದೂವರೆ ಕೋಟಿ ಜನರಿಗೆ ಸಿಕ್ಕಿದ್ದು. ವ್ಯಕ್ತಿ ಏನು ಮಾಡಿದರು ಅಂತ ತಿಳಿಯಬೇಕಾದರೆ 'ಜಾ ಅತ್ವಾಗು' ಕಡೆ ನೋಡಿ. ರಷ್ಯಾದ ರಕ್ಷಣಾ ಇಲಾಖೆ ಆ ಕಾಲದ ಪ್ರಶಸ್ತಿ ದಾಖಲೆಗಳನ್ನು ಸ್ಕ್ಯಾನ್ ಮಾಡಿ ಆನ್‌ಲೈನ್‌ನಲ್ಲಿ ಹಾಕಿದೆ. ಹೆಸರು, ಹುಟ್ಟಿದ ವರ್ಷ ಗೊತ್ತಿದ್ದರೆ ಹುಡುಕಬಹುದು.