ಹಾಲಿಗೂ ಇದೇ, ಮೊಸರಿಗೂ ಇದೇ: ಇಸಬ್ಗೋಲಿನ ಲೋಳೆ ಮಾಡುವ ಕೆಲಸ

"ಅಲ್ಲಪ್ಪಾ, ಹೊಟ್ಟೆ ಕಟ್ಟಿದ್ರೂ ಇದನ್ನೇ ಕೊಡ್ತೀಯ, ಲೂಸ್ ಮೋಷನ್ ಆದ್ರೂ ಇದನ್ನೇ ಕೊಡ್ತೀಯ. ನಿನ್ನ ಹತ್ರ ಬೇರೆ ಔಷಧಿ ಇಲ್ವಾ?"

ನಮ್ಮ ಔಷಧಿ ಅಂಗಡಿಗೆ ಬರುವ ಅಜ್ಜಿಯೊಬ್ಬರು ಇಸಬ್ಗೋಲ್ ಡಬ್ಬಿಯನ್ನು ಕೌಂಟರ್ ಮೇಲೆ ಕುಟ್ಟಿ ಹೀಗೆ ಕೇಳಿದರು. ಅವರು ಯಜಮಾನರಿಗೆ ಅದನ್ನು ಬಿಸಿ ಹಾಲಿನಲ್ಲಿ ಕೊಡುತ್ತಾರೆ, ಮಗನಿಗೆ ಮೊಸರಿನಲ್ಲಿ. ಒಬ್ಬರಿಗೆ ಹೋಗಲಿ ಅಂತ, ಇನ್ನೊಬ್ಬರಿಗೆ ನಿಲ್ಲಲಿ ಅಂತ. ಹಾಲು, ಮೊಸರು ಬರೀ ನೆಪ. ಎರಡರಲ್ಲೂ ಕೆಲಸ ಮಾಡುವುದು ಲೋಳೆ.

ಲೋಳೆ ನಮಗೇನು ಹೊಸದಲ್ಲ. ಬೆಂಡೆಕಾಯಿ ಹೆಚ್ಚುವಾಗ, ಮೆಂತ್ಯ ನೆನೆಹಾಕಿದಾಗ, ಬೇಸಿಗೆಯಲ್ಲಿ ಶರಬತ್ತಿಗೆ ಕಾಮಕಸ್ತೂರಿ ಬೀಜ ಹಾಕಿದಾಗ ನೋಡುತ್ತಲೇ ಇರುತ್ತೇವೆ. ಕೆಲವರು ಕಾಮಕಸ್ತೂರಿಯನ್ನೇ ಇಸಬ್ಗೋಲ್ ಅಂದುಕೊಂಡಿದ್ದಾರೆ, ಅದು ಬೇರೆ ಗಿಡ. ಇಸಬ್ಗೋಲ್ ಅಂದರೆ ಪ್ಲಾಂಟಾಗೊ ಒವಾಟಾ. ಉತ್ತರ ಗುಜರಾತ್, ರಾಜಸ್ಥಾನ, ಮಧ್ಯಪ್ರದೇಶದ ನೀಮಚ್ ಕಡೆಯ ಚಳಿಗಾಲದ ಬೆಳೆ. ಬೀಜ ಎರಡು ಮೂರು ಮಿಲಿಮೀಟರ್ ಉದ್ದ, ದೋಣಿಯ ಆಕಾರ, ನಸುಗೆಂಪು ಬೂದು ಬಣ್ಣ. ಪರ್ಷಿಯನ್ನರಿಗೆ ಅದು ಕುದುರೆ ಕಿವಿಯಂತೆ ಕಂಡಿತು. ಹೆಸರಿನ ಅರ್ಥವೂ ಅದೇ.

ಲೋಳೆ ಇರುವುದು ಬೀಜದ ಹೊರ ಸಿಪ್ಪೆಯಲ್ಲಿ. ಮಿಲ್ಲಿನಲ್ಲಿ ಬೀಜ ಅರೆದು, ಗಾಳಿಗೆ ತೂರಿ, ಆ ತೆಳು ಹೊಟ್ಟನ್ನು ಬೇರೆ ಮಾಡುತ್ತಾರೆ. ಬೀಜದ ತೂಕದಲ್ಲಿ ಹೊಟ್ಟು ಸುಮಾರು ಕಾಲು ಭಾಗ. ಮೆಹಸಾಣಾ ಜಿಲ್ಲೆಯ ಉಂಝಾ ಇದರ ದೊಡ್ಡ ಮಾರುಕಟ್ಟೆ. ಕೊಯ್ಲಿನ ಹೊತ್ತಿಗೆ ಅಲ್ಲಿಯ ರೈತರಿಗೆ ಮೋಡ ಕಂಡರೆ ಎದೆ ಧಸಕ್ ಅನ್ನುತ್ತದೆ. ಒಂದು ಮಳೆ ಬಿದ್ದರೆ ಸಾಕು, ತೆನೆಯಲ್ಲೇ ಬೀಜ ಉಬ್ಬಿ ಬೆಳೆ ಹಾಳು. ನಮ್ಮ ಹೊಟ್ಟೆಯಲ್ಲಿ ಆಗಬೇಕಾದದ್ದು ಹೊಲದಲ್ಲೇ ಆಗಿಬಿಡುತ್ತದೆ.

ಈ ಉಬ್ಬುವಿಕೆಯನ್ನು ಕಾಲೇಜಿನ ಲ್ಯಾಬಿನಲ್ಲಿ ನಾವು ಅಳೆಯುತ್ತಿದ್ದೆವು. ಅಳತೆಯ ಗಾಜಿನ ನಳಿಗೆಗೆ ಚಿಟಿಕೆ ಹೊಟ್ಟು, ಮೇಲೆ ನೀರು. ಆಗಾಗ ಅಲ್ಲಾಡಿಸಿ, ಆಮೇಲೆ ಗಂಟೆಗಟ್ಟಲೆ ಹಾಗೇ ಬಿಡಬೇಕು. ಔಷಧಿಗಳ ಗುಣಮಟ್ಟ ಹೇಳುವ ಪುಸ್ತಕ ಬ್ರಿಟಿಷ್ ಫಾರ್ಮಾಕೋಪಿಯಾ ಪ್ರಕಾರ ಒಂದು ಗ್ರಾಂ ಹೊಟ್ಟು ಉಬ್ಬಿ ಕನಿಷ್ಠ 40 ಮಿಲಿಲೀಟರ್ ಜಾಗ ತುಂಬಬೇಕು. ಇಡೀ ಬೀಜಕ್ಕಾದರೆ 9 ಸಾಕು. ರುಥೇನಿಯಂ ರೆಡ್ ಎಂಬ ಬಣ್ಣ ಹಾಕಿದರೆ ಲೋಳೆ ಗುಲಾಬಿಯಾಗಿ ಕಾಣುತ್ತದೆ. ನನಗೆ ಇಷ್ಟವಾಗಿದ್ದ ಪ್ರಯೋಗ ಅದೊಂದೇ!

ಇಷ್ಟು ನೀರು ಎಲ್ಲಿ ಹಿಡಿದಿಟ್ಟುಕೊಳ್ಳುತ್ತದೆ? ಈ ಲೋಳೆಯ ಮುಖ್ಯ ಭಾಗ ಅರಾಬಿನೊಕ್ಸೈಲಾನ್. ಕ್ಸೈಲೋಸ್ ಎಂಬ ಸಕ್ಕರೆಯ ಉದ್ದನೆಯ ಸರ, ಅದರ ಪಕ್ಕಕ್ಕೆಲ್ಲ ಅರಾಬಿನೋಸ್ ಮತ್ತು ಕ್ಸೈಲೋಸಿನ ಚಿಕ್ಕ ಕವಲುಗಳು. ಮಲ್ಲಿಗೆ ದಂಡೆಯಲ್ಲಿ ನಾರಿನ ಉದ್ದಕ್ಕೂ ಮೊಗ್ಗು ಒತ್ತೊತ್ತಾಗಿ ಇರುತ್ತವಲ್ಲ, ಹಾಗೆ. ಸಂದುಗಳಲ್ಲಿ ನೀರು ಸಿಕ್ಕಿಕೊಳ್ಳುತ್ತದೆ. ಹೆಸರಿಗೆ ಸಕ್ಕರೆ, ಆದರೆ ನಮ್ಮ ಜಠರಕ್ಕೆ ಅದನ್ನು ಕತ್ತರಿಸಲು ಬರುವುದಿಲ್ಲ. ಕರುಳಿನ ಬ್ಯಾಕ್ಟೀರಿಯಾಗಳಿಗೂ ಅದು ಸುಲಭದ ತುತ್ತಲ್ಲ. ಹಾಗಾಗಿ ಬೇರೆ ಎಷ್ಟೋ ನಾರುಗಳಿಗಿಂತ ಗ್ಯಾಸ್ ಕಡಿಮೆ, ಲೋಳೆ ಕೊನೆಯವರೆಗೂ ಲೋಳೆಯಾಗಿಯೇ ಉಳಿಯುತ್ತದೆ.

ಅಜ್ಜಿಯ ಪ್ರಶ್ನೆಗೆ ಉತ್ತರ ಇಲ್ಲಿದೆ. ಮಲ ಗಟ್ಟಿಯಾಗಿದ್ದರೆ ಲೋಳೆ ತನ್ನ ನೀರಿನಿಂದ ಅದನ್ನು ಮೆತ್ತಗೆ ಮಾಡುತ್ತದೆ. ನೀರಾಗಿದ್ದರೆ ಆ ನೀರನ್ನೇ ಹೀರಿ ಒಂದು ರೂಪಕ್ಕೆ ತರುತ್ತದೆ. ಆದರೆ ಭೇದಿಯಲ್ಲಿ ಮೊದಲು ಕೊಡಬೇಕಾದದ್ದು ಓಆರ್‌ಎಸ್, ಇಸಬ್ಗೋಲ್ ಅಲ್ಲ.

ಕೊಲೆಸ್ಟ್ರಾಲ್ ವಿಷಯವೂ ಇದೇ ಲೋಳೆಯದು. ಕೊಬ್ಬು ಜೀರ್ಣವಾಗಲು ಬೇಕಾದ ಪಿತ್ತಾಮ್ಲಗಳನ್ನು ಯಕೃತ್ತು ಕೊಲೆಸ್ಟ್ರಾಲಿನಿಂದ ತಯಾರಿಸುತ್ತದೆ. ಕೆಲಸ ಮುಗಿದ ಮೇಲೆ ಸಣ್ಣ ಕರುಳಿನ ತುದಿಯಲ್ಲಿ ಅವನ್ನು ವಾಪಸ್ ಪಡೆಯುತ್ತದೆ. ಲೋಳೆ ಅವುಗಳಲ್ಲಿ ಒಂದಿಷ್ಟನ್ನು ಹೊರಗೆ ಒಯ್ಯುತ್ತದೆ. ಹೊಸದು ಮಾಡಲು ಯಕೃತ್ತು ರಕ್ತದಲ್ಲಿರುವ 'ಕೆಟ್ಟ ಕೊಲೆಸ್ಟ್ರಾಲ್', ಅಂದರೆ ಎಲ್‌ಡಿಎಲ್ ಕಡೆ ಕೈಚಾಚುತ್ತದೆ. ದಿನಕ್ಕೆ ಇದರ 7 ಗ್ರಾಂ ಕರಗುವ ನಾರು, ಅಂದರೆ ಸುಮಾರು 10 ಗ್ರಾಂ ಹೊಟ್ಟು, ಹೃದಯಕ್ಕೆ ನೆರವಾಗಬಹುದು ಎಂದು ಪೊಟ್ಟಣದ ಮೇಲೆ ಬರೆಯಲು ಅಮೆರಿಕದ ಆಹಾರ, ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 1998ರಲ್ಲಿ ಒಪ್ಪಿತು. ಕೊಲೆಸ್ಟ್ರಾಲಿನ ಇಳಿಕೆ ಸಾಧಾರಣ. ಡಾಕ್ಟರ್ ಬರೆದುಕೊಟ್ಟ ಮಾತ್ರೆ ಬಿಟ್ಟು ಇದನ್ನು ಹಿಡಿಯಬೇಡಿ.

ನನಗೆ ನಿಜಕ್ಕೂ ಭಯ ಒಣ ಪುಡಿ ಬಾಯಿಗೆ ಹಾಕಿಕೊಳ್ಳುವವರದು. ಸಂಬಂಧಿಕರೊಬ್ಬರು ಒಂದು ಚಮಚ ಬಾಯಿಗೆ ಸುರಿದುಕೊಂಡು, ಮೇಲೊಂದು ಗುಟುಕು ನೀರು ಕುಡಿದರು. ಪುಡಿ ಗಂಟಲಲ್ಲೇ ಉಬ್ಬಿಕೊಂಡಿತು. ಉಗುಳಲೂ ಆಗದೆ ನುಂಗಲೂ ಆಗದೆ ಕಣ್ಣಲ್ಲಿ ನೀರು. ಅವರು ಹೇಗೋ ಪಾರಾದರು, ಎಲ್ಲರೂ ಆಗುವುದಿಲ್ಲ. 3.5 ಗ್ರಾಂ ಪೊಟ್ಟಣಕ್ಕೆ ದೊಡ್ಡ ಲೋಟದ ತುಂಬ ನೀರು ಬೇಕು. ಕಲಸಿ ತಕ್ಷಣ ಕುಡಿಯಬೇಕು, ಆಮೇಲೆ ಇನ್ನಷ್ಟು ನೀರು. ಬಿಟ್ಟರೆ ಅಂಬಲಿ ಆಗಿ ಕೂರುತ್ತದೆ. ಕುಡಿದ ಕೂಡಲೇ ಮಲಗುವ ಅಭ್ಯಾಸವೂ ಬೇಡ, ಸಂಜೆಯೇ ಮುಗಿಸಿ. ನುಂಗಲು ಕಷ್ಟ ಇರುವವರಿಗೆ, ವಾಂತಿಯ ಜೊತೆ ಹೊಟ್ಟೆ ನುಲಿಯುತ್ತಿರುವವರಿಗೆ ಇದು ಸಲ್ಲದು. ಮಲದಲ್ಲಿ ರಕ್ತ ಕಂಡರೆ ಮೊದಲು ಡಾಕ್ಟರ್.

ಥೈರಾಯ್ಡ್ ಮಾತ್ರೆಯವರು ಎರಡನ್ನೂ ಬೆಳಿಗ್ಗೆ ಒಟ್ಟಿಗೆ ನುಂಗುವುದುಂಟು. ಲೋಳೆ ಆ ಮಾತ್ರೆಯನ್ನು ಮೈಗೆ ಸರಿಯಾಗಿ ಸೇರಲು ಬಿಡದಿರಬಹುದು. ಮಾತ್ರೆ ಬೆಳಿಗ್ಗೆ, ಇದು ಸಂಜೆ ಅಂತ ನಾನು ಡಬ್ಬಿಯ ಮೇಲೇ ಪೆನ್ನಿನಲ್ಲಿ ಬರೆದುಕೊಡುತ್ತೇನೆ. ಸಕ್ಕರೆ ಕಾಯಿಲೆ ಇದ್ದವರು ಕಿತ್ತಳೆ ರುಚಿಯ ಪುಡಿ ಕೇಳಿದರೆ ಲೇಬಲ್ ತಿರುಗಿಸಿ ತೋರಿಸುತ್ತೇನೆ. ಕೆಲವದರಲ್ಲಿ ಸಕ್ಕರೆ ಇರುತ್ತದೆ.

ಅಂದಹಾಗೆ, ಇದರ ದೂಳು ಕೆಲವರಿಗೆ ಅಲರ್ಜಿ. ಮಿಲ್ಲಿನ ಕೆಲಸಗಾರರಿಗೆ, ದಿನಾ ರೋಗಿಗಳಿಗೆ ಪುಡಿ ಕಲಸಿಕೊಡುವ ನರ್ಸ್‌ಗಳಿಗೆ ಉಬ್ಬಸ ಬಂದದ್ದಿದೆ. ನಮ್ಮ ಅಂಗಡಿಯ ಹುಡುಗ ದೊಡ್ಡ ಡಬ್ಬಿಯ ಮುಚ್ಚಳ ತೆಗೆದರೆ ಸಾಕು, ಸೀನು ಶುರು. ಈಗ ಅವನ ಕೈಗೆ ಬರೀ ಪೊಟ್ಟಣ, ಡಬ್ಬಿ ನನ್ನ ಪಾಲಿಗೆ.