ಹಡಗಿಗೂ ಕರಡು ಇರ್ತದಾ?

ಕಾರವಾರದ ನನ್ನ ಸಂಜೆಯ ಇಂಗ್ಲಿಷ್ ತರಗತಿಗೆ ಬರುವವರಲ್ಲಿ ಹೆಚ್ಚಿನವರು ಕೆಲಸಕ್ಕೆ ಸೇರಿದ ಮೇಲೆ ಆ ಭಾಷೆಯ ಅಗತ್ಯವನ್ನು ಕಂಡುಕೊಂಡವರು. ಅವರಲ್ಲೊಬ್ಬ, ಬಂದರಿನ ಹಡಗು ಏಜೆಂಟರ ಕಚೇರಿಗೆ ಹೊಸದಾಗಿ ಸೇರಿದ ಹುಡುಗ, ಮೊಬೈಲಿಗೆ ಬಂದ ಸಂದೇಶವೊಂದನ್ನು ತೋರಿಸಿ “ಸರ್, ಹಡಗಿಗೂ ಕರಡು ಇರ್ತದಾ?” ಎಂದು ಕೇಳಿದ. ಬರಲಿರುವ ಹಡಗಿನ ‘ಅರೈವಲ್ ಡ್ರಾಫ್ಟ್’ ಇಷ್ಟು ಮೀಟರ್ ಎಂದು ಅದರಲ್ಲಿತ್ತು. ಡ್ರಾಫ್ಟ್ ಎಂದರೆ ಕರಡು ಎಂದು ಅವನು ಶಾಲೆಯಲ್ಲಿ ಕಲಿತಿದ್ದ. ಬ್ಯಾಂಕಿನ ಡಿಡಿಯಲ್ಲಿರುವ ಡ್ರಾಫ್ಟ್ ಬೇರೆ ಏನೋ ಇರಬೇಕೆಂದು ಅದನ್ನು ಬದಿಗಿಟ್ಟಿದ್ದ. ಈಗ ಮೂರನೆಯದು ಎದುರಾಗಿತ್ತು.

ಇಂಥ ಪದಕ್ಕೆ ನಿಘಂಟು ಕೊಡುವ ಅರ್ಥಗಳನ್ನು ಒಂದೊಂದಾಗಿ ಬಾಯಿಪಾಠ ಮಾಡಿಸುವುದನ್ನು ನಾನು ಎಷ್ಟೋ ವರ್ಷಗಳ ಹಿಂದೆಯೇ ನಿಲ್ಲಿಸಿದ್ದೇನೆ. ಪಟ್ಟಿಯಲ್ಲಿ ಅರ್ಥಗಳು ಒಂದರ ಕೆಳಗೊಂದು ಕುಳಿತಿರುತ್ತವೆಯೇ ಹೊರತು ಅವುಗಳ ನಡುವಿನ ನಂಟು ಕಾಣುವುದಿಲ್ಲ. ಅದರ ಬದಲು ಹಲಗೆಯ ಮೇಲೆ ‘ಡ್ರಾ’ ಎಂದು ಬರೆದು, ಇದಕ್ಕೆ ಕನ್ನಡದಲ್ಲಿ ಏನೆನ್ನುತ್ತೀರಿ ಎಂದು ಕೇಳುತ್ತೇನೆ. ಚಿತ್ರ ಬಿಡಿಸು ಎಂಬುದು ಎಲ್ಲರ ಮೊದಲ ಉತ್ತರ. ಆದರೆ ಹಳೆಯ ಇಂಗ್ಲಿಷಿನಲ್ಲಿ ಆ ಕ್ರಿಯಾಪದಕ್ಕೆ ಇದ್ದ ಅರ್ಥ ಎಳೆ ಎಂದು. ಅದರಿಂದ ಹುಟ್ಟಿದ ನಾಮಪದವೇ ಡ್ರಾಫ್ಟ್, ಅಂದರೆ ಎಳೆತ. ಗೆರೆ ಎಳೆದರೆ ಚಿತ್ರ, ಬಲೆ ಎಳೆದರೆ ಮೀನು, ಉಸಿರು ಎಳೆದರೆ ಗಾಳಿ, ಗಾಡಿ ಎಳೆದರೆ ಎತ್ತು: ಇಷ್ಟೂ ಕೆಲಸಗಳನ್ನು ನಮ್ಮ ಭಾಷೆಯೂ ಒಂದೇ ಕ್ರಿಯಾಪದದಿಂದ ಮಾಡಿಸಿಕೊಳ್ಳುವುದರಿಂದ ಕನ್ನಡದ ವಿದ್ಯಾರ್ಥಿಗೆ ಈ ಇಂಗ್ಲಿಷ್ ಪದ ಅಂದುಕೊಂಡಷ್ಟು ಪರಕೀಯವಲ್ಲ.

ಅಡ್ಡ ಬರುವುದು ಶಾಲೆಯಲ್ಲಿ ಕಲಿತ ಕರಡು. ಅದೇನೂ ತಪ್ಪು ಅನುವಾದವಲ್ಲ. ಕಚೇರಿಯ ಪತ್ರಕ್ಕೆ ಅದು ಸರಿಯಾಗಿಯೇ ಒಪ್ಪುತ್ತದೆ. ಆದರೆ ಕರಡು ಎಂಬ ಪದದ ಗಮನವೆಲ್ಲ ಬರಹ ಒರಟಾಗಿದೆ, ಇನ್ನೂ ತಿದ್ದಬೇಕು ಎಂಬುದರ ಮೇಲೆ. ಇಂಗ್ಲಿಷ್ ಪದದ ಗಮನ ಕಾಗದದ ಮೇಲೆ ಗೆರೆ ಎಳೆದು ರೂಪ ಕೊಡುವ ಕ್ರಿಯೆಯ ಮೇಲೆ. ಆದ್ದರಿಂದಲೇ ಕರಡನ್ನು ಮಾತ್ರ ಹಿಡಿದುಕೊಂಡ ವಿದ್ಯಾರ್ಥಿಗೆ ಐಟಿಐಯ ‘ಡ್ರಾಫ್ಟ್ಸ್‌ಮನ್ ಸಿವಿಲ್’ ಎಂಬ ಕೋರ್ಸಿನ ಹೆಸರು ಒಗಟಾಗುತ್ತದೆ. ಕೂದಲೆಳೆಯಷ್ಟೂ ತಪ್ಪದಂತೆ ನಕ್ಷೆ ಬರೆಯುವವನಿಗೆ ಒರಟು ಬರಹದವನೆಂಬ ಹೆಸರೇಕೆ ಎಂದು ಒಬ್ಬಳು ವಾದಿಸಿದ್ದಳು, ಅವಳ ತರ್ಕದಲ್ಲಿ ಲೋಪವಿರಲಿಲ್ಲ. ಡಿಡಿಯ ವಿಷಯವೂ ಹೀಗೆಯೇ. ಇಷ್ಟು ಹಣವನ್ನು ಇಂಥವರಿಗೆ ಕೊಡಿ ಎಂದು ಬ್ಯಾಂಕಿನ ಒಂದು ಶಾಖೆ ಇನ್ನೊಂದಕ್ಕೆ ಬರೆದುಕೊಡುವ ಆದೇಶ ಅದು. ಅಲ್ಲಿಂದ ಹಣವನ್ನು ಎಳೆದುಕೊಳ್ಳುವ ಚೀಟಿ. ನಾವು ‘ಡಿಡಿ ತೆಗೆಸುವುದು’ ಎನ್ನುವಾಗ ಆ ಎಳೆತದ ನೆರಳು ನಮ್ಮ ಮಾತಿನಲ್ಲೂ ಉಳಿದಿದೆ.

ಘಟ್ಟದ ಮೇಲಿನ ವಿದ್ಯಾರ್ಥಿಗಳಿದ್ದರೆ ನಾನು ಅವರನ್ನು ಶಿರಸಿ ಸೀಮೆಯ ಹಳೆಯ ಆಲೆಮನೆಗೆ ಕರೆದೊಯ್ಯುತ್ತೇನೆ, ಮಾತಿನಲ್ಲಿ. ಅಲ್ಲಿ ಗಾಣ ಸುತ್ತುವ ಕೋಣ ಇಂಗ್ಲಿಷಿನಲ್ಲಿ ಡ್ರಾಫ್ಟ್ ಅನಿಮಲ್, ಎಳೆಯುವ ಪ್ರಾಣಿ. ಕೊಪ್ಪರಿಗೆಯ ಕೆಳಗೆ ಉರಿ ಹಿಡಿದಾಗ ಬಿಸಿಯಾದ ಗಾಳಿ ಹಗುರವಾಗಿ ಮೇಲೇರಿ, ಅದರ ಜಾಗಕ್ಕೆ ಒಲೆಯ ಬಾಯಿಂದ ತಣ್ಣನೆಯ ಗಾಳಿ ನುಗ್ಗುತ್ತದಲ್ಲ, ಆ ಎಳೆತವೂ ಡ್ರಾಫ್ಟ್. ಅದು ಸಾಲದಿದ್ದರೆ ಉರಿ ಏಳದೆ ಹೊಗೆ ತುಂಬುತ್ತದೆ ಎಂಬುದು ಒಲೆಯ ಮುಂದೆ ಕುಳಿತವನಿಗೆ ಇಂಗ್ಲಿಷ್ ಬಾರದೆಯೂ ಗೊತ್ತು. ದಣಿದು ಬಂದವನು ಲೋಟ ಕೆಳಗಿಡದೆ ಒಂದೇ ಗುಟುಕಿಗೆ ಎಳೆದುಬಿಡುವ ಕಬ್ಬಿನ ಹಾಲೂ ಒಂದು ಡ್ರಾಫ್ಟ್. ಗಾಣಕ್ಕೆ ಈಗ ಯಂತ್ರ ಬಂದಿದ್ದರೂ ಪಾಠಕ್ಕೆ ಕೋಣವೇ ಅನುಕೂಲ.

ಕರಾವಳಿಯವರಿಗೆ ರಂಪಣಿ ಸಾಕು. ದಡದಲ್ಲಿ ನಿಂತ ಎರಡು ಗುಂಪುಗಳು ಹಗ್ಗ ಹಿಡಿದು ಬಲೆಯನ್ನು ಎಳೆದು ತರುವ ಆ ಕೆಲಸವನ್ನೂ, ಹಾಗೆ ಒಂದು ಎಳೆತಕ್ಕೆ ಸಿಕ್ಕ ಮೀನನ್ನೂ ಇಂಗ್ಲಿಷಿನಲ್ಲಿ ಡ್ರಾಫ್ಟ್ ಎನ್ನುತ್ತಾರೆ. ಇದು ಈಗ ಹಳೆಯ ಬಳಕೆ. 1611ರ ಇಂಗ್ಲಿಷ್ ಬೈಬಲಿನಲ್ಲಿ ಲೂಕನ ಸುವಾರ್ತೆಯ ಐದನೆಯ ಅಧ್ಯಾಯದಲ್ಲಿ ಸಿಗುತ್ತದೆ. ಹಡಗಿನ ಡ್ರಾಫ್ಟ್ ಸ್ವಲ್ಪ ಕಷ್ಟ, ಏಕೆಂದರೆ ಇಲ್ಲಿ ಮಾತ್ರ ಕನ್ನಡ ಜೊತೆಗೆ ಬರುವುದಿಲ್ಲ. ಹಡಗು ಇಷ್ಟು ಮೀಟರ್ ನೀರನ್ನು ಎಳೆಯುತ್ತದೆ ಎಂದು ಇಂಗ್ಲಿಷಿನವರು ಹೇಳುತ್ತಾರೆ; ನೀರಿನ ಮಟ್ಟದಿಂದ ಹಡಗಿನ ತಳದವರೆಗಿನ ಆಳ ಎಂದು ನಾವು ಬಿಡಿಸಿ ಹೇಳಬೇಕು. ಹಡಗಿನ ಮುಂದೆ, ಹಿಂದೆ, ನಡುವೆ ಒಡಲಿನ ಮೇಲೆ ಬರೆದಿರುವ ಅಂಕೆಗಳು ಇದನ್ನೇ ತೋರಿಸುತ್ತವೆ. ಸರಕು ತುಂಬಿದಂತೆ ಡ್ರಾಫ್ಟ್ ಹೆಚ್ಚುತ್ತದೆ. ಉಪ್ಪುನೀರಿಗಿಂತ ಸಿಹಿನೀರು ಹಗುರವಾದ್ದರಿಂದ, ಕಡಲಿನಿಂದ ನದಿಯ ಸಿಹಿನೀರಿಗೆ ಬಂದ ಹಡಗು ಒಂದು ಮೂಟೆಯನ್ನೂ ಹೆಚ್ಚು ಹೇರದೆ ತುಸು ಕೆಳಗಿಳಿಯುತ್ತದೆ. ಕಾಳಿ ಕಡಲು ಸೇರುವ ಊರಿನ ಮಕ್ಕಳಿಗೆ ಇದನ್ನು ಹೇಳಿದಾಗ ಇಂಗ್ಲಿಷ್ ಪಾಠ ಸ್ವಲ್ಪ ಹೊತ್ತು ಭೌತಶಾಸ್ತ್ರದ ಪಾಠವಾಗುತ್ತದೆ, ನಾನು ತಡೆಯುವುದಿಲ್ಲ.

ಬರವಣಿಗೆಯಲ್ಲಿ ಈ ಪದಕ್ಕೆ ಎರಡು ಕಾಗುಣಿತಗಳಿವೆ. ಗಾಳಿ, ಗುಟುಕು, ಹಡಗು, ಪ್ರಾಣಿಗಳಿಗೆ ಬ್ರಿಟಿಷರು ಬಳಸುವುದು ಕೊನೆಯಲ್ಲಿ ‘ಯು, ಜಿ, ಎಚ್, ಟಿ’ ಇರುವ ಉದ್ದದ ರೂಪ, ಕರಡಿಗೂ ಬ್ಯಾಂಕಿಗೂ ‘ಎಫ್, ಟಿ’ ಇರುವ ಗಿಡ್ಡ ರೂಪ. ಅಮೆರಿಕದವರಿಗೆ ಎಲ್ಲಕ್ಕೂ ಗಿಡ್ಡದ್ದೇ. ಉಚ್ಚಾರಣೆ ಎರಡಕ್ಕೂ ಒಂದೇ. ಉದ್ದದ ರೂಪವನ್ನು ನೋಡಿದ ಕೂಡಲೇ ಬರಗಾಲ ಎಂದು ಬರೆಯುವವರು ಪ್ರತಿ ವರ್ಷವೂ ಸಿಗುತ್ತಾರೆ. ಬರಗಾಲದ ‘ಡ್ರೌಟ್’ ಒಣಗು ಎಂಬ ಅರ್ಥದ ಬೇರೊಂದು ಮೂಲದಿಂದ ಬಂದದ್ದು. ನೋಟದಲ್ಲಿ ಮಾತ್ರ ಹೋಲಿಕೆ.

ನಂಟಿಲ್ಲದ ಹೋಲಿಕೆ ಕನ್ನಡದಲ್ಲೂ ಇದೆ, ಅದೂ ಇದೇ ಪದದಲ್ಲಿ. ಹಗ್ಗ ಎಳೆ ಎನ್ನುವಾಗಿನ ಎಳೆಗೂ ಎಳೆ ಸೌತೆಯ ಎಳೆಗೂ ಸಂಬಂಧವಿಲ್ಲ. ಹಳಗನ್ನಡದಲ್ಲಿ ಮೊದಲನೆಯದನ್ನು ಈಗ ಬಿಟ್ಟುಹೋದ ರಳ ಅಕ್ಷರದಿಂದ ‘ಎೞೆ’ ಎಂದು ಬರೆಯುತ್ತಿದ್ದರು; ಆ ಅಕ್ಷರ ಮರೆಯಾದ ಮೇಲೆ ಎರಡು ಬೇರೆ ಪದಗಳು ಒಂದೇ ಮುಖ ತೊಟ್ಟವು. ಹಾಗಾಗಿ, ಮೂಲ ಹುಡುಕುವ ಉತ್ಸಾಹದಲ್ಲಿ ಸಿಕ್ಕಸಿಕ್ಕದ್ದಕ್ಕೆಲ್ಲ ಗಂಟು ಹಾಕಬಾರದೆಂದೂ, ಊಹಿಸಿದ ಅರ್ಥ ಆ ವಾಕ್ಯದಲ್ಲಿ ಕೂರುತ್ತದೆಯೇ ಎಂದು ನೋಡಿ ಆಮೇಲೆ ನಿಘಂಟು ತೆರೆಯಬೇಕೆಂದೂ ಒತ್ತಿ ಹೇಳುತ್ತೇನೆ. ಒಂದು ಪದಕ್ಕೆ ನೋಟುಪುಸ್ತಕದಲ್ಲಿ ಒಂದು ಪುಟ. ಅರ್ಥಗಳ ಬದಲು ತಾವೇ ಕಂಡ ವಾಕ್ಯಗಳನ್ನು ತಾರೀಖಿನೊಂದಿಗೆ ಬರೆಯಬೇಕು.

ಬಂದರಿನ ಹುಡುಗನ ಪುಟದಲ್ಲಿ ಈಗ ‘ಡ್ರಾಫ್ಟ್ ಸರ್ವೆ’ ಎಂಬುದೂ ಸೇರಿದೆ. ಅದು ಅರೆಬರೆ ಸಮೀಕ್ಷೆಯಲ್ಲ. ಅದಿರಿನಂಥ ರಾಶಿ ಸರಕನ್ನು ತುಂಬುವ ಮೊದಲು ಮತ್ತು ತುಂಬಿದ ಬಳಿಕ ಹಡಗಿನ ಆಳದ ಅಂಕೆಗಳನ್ನು ಓದಿ, ಸರಿದ ನೀರಿನ ಲೆಕ್ಕದಿಂದ ಸರಕಿನ ತೂಕ ಕಂಡುಹಿಡಿಯುವ ಕ್ರಮ. ಕಳೆದ ತಿಂಗಳು ಅವನ ಮೇಲಧಿಕಾರಿ, ಡ್ರಾಫ್ಟ್ ಸರ್ವೆ ವರದಿಯ ಡ್ರಾಫ್ಟನ್ನು ಸಂಜೆಯೊಳಗೆ ಕಳಿಸು ಎಂದು ಬರೆದಿದ್ದರಂತೆ. ಹುಡುಗ ಯಾರನ್ನೂ ಕೇಳದೆ ಕಳಿಸಿಕೊಟ್ಟು, ಆ ಸಾಲನ್ನು ಪುಟಕ್ಕೆ ಇಳಿಸಿಕೊಂಡಿದ್ದಾನೆ.